ಪುಟ್ಟಿಯ ಪಾಲು ಕಮ್ಮಿಯಾಗಿಲ್ಲ ಅಮ್ಮಾ

ಇಂಗ್ಲೆಂಡ್
ನವೆಂಬರ್ 2020

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರಗಳು. ನಾವು ಮೂರೂ ಜನ ಇಲ್ಲಿ ಕ್ಷೇಮ. ನೀನು, ಅಪ್ಪ, ಅಜ್ಜಿ ಎಲ್ಲರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ.

ತಾಯಂದಿರು ಕೊಟ್ಟ ಎದೆಹಾಲನ್ನು ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ತಲುಪಿಸುವ ಹಾಲಿನ ಬ್ಯಾಂಕಿಗೆ ನಾನೂ ಹಾಲು ಕೊಡುತ್ತಿದ್ದೇನೆ ಅಂತ ಫೋನಿನಲ್ಲಿ ಹೇಳಿದಾಗ ನೀನು ಸುಮ್ಮನಾಗಿಬಿಟ್ಟೆ. ಆಮೇಲೆ ಫೋನನ್ನು ಅಪ್ಪನ ಕೈಗೆ ಕೊಟ್ಟೆ. ನಿನಗೆ ಬೇಜಾರಾಗಿದೆ ಅಂತ ಆಗಲೇ ಗೊತ್ತಾಯಿತು. "ಕೂಸಿನ ಪಾಲನ್ನ ಊರಿಗೆಲ್ಲ ಹಂಚ್ತಾಳಾ ಇವಳು?" ಅಂತ ಅಜ್ಜಿ ಹಿಂದಿನಿಂದ ಕೇಳಿದ್ದೂ ಕಿವಿಗೆ ಬಿತ್ತು. ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳೋಕೆ ಆಗಲ್ಲ. ಮಧ್ಯದಲ್ಲಿ ಪುಟ್ಟಿ ಅಳುತ್ತಾಳೆ, ಇಲ್ಲವಾದರೆ ಲೈನ್ ಕಟ್ ಆಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಜ್ಜಿಗೂ ನಿಧಾನವಾಗಿ ಓದಿ ಹೇಳು.

ಮೊದಲು ಪುಟ್ಟಿಯ ವಿಷಯ. ಅವಳ ಪಾಲು ಕಮ್ಮಿಯಾಗಿಲ್ಲ ಅಮ್ಮಾ. ಹೊಟ್ಟೆ ತುಂಬಾ ಕುಡಿಯುತ್ತಾಳೆ, ತೂಕ ಚೆನ್ನಾಗಿ ಏರುತ್ತಿದೆ. ಹಾಲಿನ ಬ್ಯಾಂಕಿನವರು ನನ್ನನ್ನು ಮೊದಲು ಕೇಳಿದ್ದೇ ಅದನ್ನು. ನಿಮ್ಮ ಮಗು ಚೆನ್ನಾಗಿ ಬೆಳೆಯುತ್ತಿದೆಯಾ, ಅದಕ್ಕೆ ಕುಡಿಸಿ ಮಿಕ್ಕುತ್ತದೆಯಾ ಅಂತ. ಹೌದು ಅಂದ ಮೇಲೇ ಮುಂದಿನ ಮಾತು. ಹಾಲು ಒಂದು ಸಲ ಖರ್ಚಾದರೆ ಮುಗಿಯಿತು ಅನ್ನುವಂಥದ್ದಲ್ಲ ಅಲ್ವಾ. ಕೂಸು ಕುಡಿದಷ್ಟೂ, ಹಿಂಡಿ ತೆಗೆದಷ್ಟೂ ದೇಹ ಮತ್ತೆ ತಯಾರು ಮಾಡುತ್ತದೆ. ಇಬ್ಬರು ಮಕ್ಕಳನ್ನು ಎದೆಹಾಲಿನಲ್ಲೇ ಬೆಳೆಸಿದ ನಿನಗೆ ನಾನಿದನ್ನು ಹೇಳಬೇಕಾಗಿಲ್ಲ.

ಇದು ನನ್ನ ತಲೆಗೆ ಹೇಗೆ ಬಂತು ಅಂತ ಕೇಳಿದೆಯಲ್ಲ. ಹೆರಿಗೆಯಾದ ಮೇಲೆ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗಿ ಇದ್ದಳು. ನಡುವೆ ಬರೀ ಒಂದು ಪರದೆ. ಅವಳಿಗೆ ದಿನ ತುಂಬುವ ಎಷ್ಟೋ ಮೊದಲೇ ಹೆರಿಗೆಯಾಗಿತ್ತು. ಮಗು ಅವಳ ಹತ್ತಿರ ಇರಲಿಲ್ಲ, ಎನ್‌ಐಸಿಯು ಅಂದರೆ ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಬೆಚ್ಚಗಿಡುವ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಅಲ್ಲಿಗೆ ಅಪ್ಪ ಅಮ್ಮ ಒಟ್ಟಿಗೆ ಹೋಗುವ ಹಾಗಿರಲಿಲ್ಲ, ಕೊರೊನಾ ನಿಯಮ. ಹಗಲೂ ರಾತ್ರಿ ಅವಳ ಪಂಪಿನ ಸದ್ದು ಕೇಳುತ್ತಿತ್ತು. ಆದರೆ ಬಾಟಲಿಯ ತಳ ಒದ್ದೆಯಾಗುವಷ್ಟು ಮಾತ್ರ ಹಾಲು. ದಿನ ತುಂಬದೆ ಹೆತ್ತವರಿಗೆ, ಆಪರೇಷನ್ ಆದವರಿಗೆ, ಮೈ ತುಂಬ ಆತಂಕ ಇಟ್ಟುಕೊಂಡವರಿಗೆ ಹಾಲು ಇಳಿಯೋದು ತಡ. ಮಗು ಎದೆ ಹತ್ತಿರ ಇಲ್ಲದಿದ್ದರೆ ಇನ್ನೂ ತಡ. ಅವಳು ಅಳುತ್ತಿದ್ದಾಗ ನರ್ಸ್ ಬಂದು, "ನಿನ್ನ ಹಾಲು ಬರುವ ತನಕ ಬೇರೆ ತಾಯಿಯ ಹಾಲು ಇದೆ, ಬ್ಯಾಂಕಿನಿಂದ ತರಿಸಿದ್ದೇವೆ" ಅಂತ ಸಮಾಧಾನ ಹೇಳಿದರು. ನನ್ನ ಪಕ್ಕದಲ್ಲಿ ಪುಟ್ಟಿ ಹೊಟ್ಟೆ ತುಂಬಿ ಮಲಗಿದ್ದಳು, ನನ್ನ ರವಿಕೆ ಹಾಲಿಗೆ ನೆನೆದುಹೋಗಿತ್ತು. ಕೊಡುವ ಮನಸ್ಸು ಮಾಡಿದ್ದು ಅಲ್ಲೇ.

ಆ ಪುಟ್ಟ ಮಕ್ಕಳಿಗೆ ಎಷ್ಟು ಹಾಲು ಬೇಕು ಗೊತ್ತಾ ಅಮ್ಮಾ? ಒಂದು ಕಿಲೋ ತೂಕದ ಕೂಸಿಗೆ ಮೊದಮೊದಲು ಇಡೀ ದಿನಕ್ಕೆ 10ರಿಂದ 20 ಮಿಲಿಲೀಟರ್. ಅದನ್ನೂ ಕೂಸು ತಾನೇ ಚೀಪಿ ಕುಡಿಯುವುದಿಲ್ಲ. ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಚೂರು ಚೂರೇ ಬಿಡುತ್ತಾರೆ. ನಾನು ಒಂದು ಸಲ ಕೂತು ಹಿಂಡಿದ ಹಾಲು ಅಂಥ ಎಷ್ಟು ಮಕ್ಕಳಿಗೆ ಆಗಬಹುದು, ನೀನೇ ಲೆಕ್ಕ ಹಾಕು.

"ಹಾಲಿನ ಪುಡಿ ಇಲ್ಲವಾ ಅಲ್ಲಿ?" ಅಂತ ಅಪ್ಪ ಕೇಳಿದರು. ಇದೆ. ದಿನ ತುಂಬಿ ಹುಟ್ಟಿದ ಎಷ್ಟೋ ಮಕ್ಕಳು ಎಳೆಗೂಸುಗಳಿಗೆಂದೇ ತಯಾರಿಸಿದ ಆ ಪುಡಿಯ ಹಾಲನ್ನು ಕುಡಿದೇ ಚೆನ್ನಾಗಿ ಬೆಳೆಯುತ್ತಾರೆ, ಕುಡಿಸುವ ತಾಯಂದಿರನ್ನು ಯಾರೂ ಏನೂ ಅನ್ನಬಾರದು. ಆದರೆ ಒಂದೂವರೆ ಕಿಲೋಗಿಂತ ಕಮ್ಮಿ ತೂಕದ ಮಕ್ಕಳ ಕರುಳು ಇನ್ನೂ ಬಲಿತಿರುವುದಿಲ್ಲ. ಅವರಿಗೆ ಎನ್‌ಇಸಿ ಅನ್ನುವ ಒಂದು ಕಾಯಿಲೆ ಬರಬಹುದು. ಕರುಳಿಗೆ ಉರಿಯೂತ ಬಂದು ಅದರ ಭಾಗಗಳೇ ಸತ್ತುಹೋಗುತ್ತವೆ. ಕೆಲವರಿಗೆ ಆಪರೇಷನ್ ಮಾಡಬೇಕಾಗುತ್ತದೆ, ಕೆಲವರು ಉಳಿಯುವುದಿಲ್ಲ. ದಾನದ ಎದೆಹಾಲು ಕುಡಿದವರಿಗಿಂತ ಪುಡಿ ಹಾಲು ಕುಡಿದ ಇಂಥ ಮಕ್ಕಳಲ್ಲಿ ಈ ಕಾಯಿಲೆ ಹತ್ತಿರ ಹತ್ತಿರ ಎರಡು ಪಟ್ಟು ಕಾಣಿಸಿಕೊಂಡಿದೆ. ಪುಡಿ ಹಾಲಿನಲ್ಲಿ ತೂಕ ಬೇಗ ಏರುತ್ತದೆ, ಅದೂ ನಿಜ. ಹಾಗಾಗಿ ಎದೆಹಾಲಿಗೆ ಡಾಕ್ಟರು ಬೇಕಾದ ಪೌಷ್ಟಿಕಾಂಶ ಸೇರಿಸಿ ಕೊಡುತ್ತಾರೆ. ಎಲ್ಲಕ್ಕಿಂತ ಮೊದಲು ಹೆತ್ತ ತಾಯಿಯದೇ ಹಾಲು, ಅದು ಇಲ್ಲದಿದ್ದರೆ ಇನ್ನೊಬ್ಬ ತಾಯಿಯದು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವುದೂ ಅದನ್ನೇ. ಹೆತ್ತವಳ ಹಾಲು ಬರಲು ಶುರುವಾದ ಮೇಲೆ ನಮ್ಮದು ಬೇಕಾಗುವುದಿಲ್ಲ. ಬೇಕಾಗದೇ ಇರಲಿ ಅಂತಲೇ ನಾವೂ ಕೇಳಿಕೊಳ್ಳೋದು.

ಈಗ ನಿನ್ನ ದೊಡ್ಡ ಭಯ. ಈ ರೋಗದ ಕಾಲದಲ್ಲಿ ಹೊರಗಿನವರ ಜೊತೆ ಯಾಕೆ ವ್ಯವಹಾರ ಅಂದೆ. ನಾನು ಎಲ್ಲಿಗೂ ಹೋಗುವುದಿಲ್ಲ ಅಮ್ಮಾ. ಬ್ಯಾಂಕಿನವರು ಪ್ರಶ್ನೆಗಳನ್ನೆಲ್ಲ ಫೋನಿನಲ್ಲೇ ಕೇಳಿದರು. ಸಿಗರೇಟು, ಕುಡಿತ, ತೆಗೆದುಕೊಳ್ಳುವ ಮಾತ್ರೆ, ಹಿಂದೆ ಬಂದ ಕಾಯಿಲೆ, ಒಂದೂ ಬಿಡಲಿಲ್ಲ. ಆಮೇಲೆ ರಕ್ತ ಪರೀಕ್ಷೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಎಚ್‌ಟಿಎಲ್‌ವಿ ಅನ್ನುವ ಇನ್ನೊಂದು ವೈರಸ್, ಇಷ್ಟನ್ನೂ ನೋಡುತ್ತಾರೆ. ರಕ್ತ ಕೊಡೋಕೆ ಮಾತ್ರ ನಾನು ಹೊರಗೆ ಹೋಗಿ ಬಂದೆ, ಮಾಸ್ಕ್ ಹಾಕಿಕೊಂಡು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯಾ, ಕೊರೊನಾ ಬಂದವರ ಹತ್ತಿರ ಹೋಗಿದ್ದಿರಾ ಅಂತಲೂ ಕೇಳುತ್ತಾರೆ. ಇದ್ದರೆ ಕೊಡುವುದನ್ನು ನಿಲ್ಲಿಸಬೇಕು, ಅವರಿಗೆ ತಿಳಿಸಬೇಕು.

ಹಾಲು ಒಯ್ಯಲು ಬರುವವರ ಬಗ್ಗೆ ನಿನಗೆ ಹೇಳಲೇಬೇಕು. ಇಲ್ಲಿ ಬ್ಲಡ್ ಬೈಕ್ ಅಂತ ಸ್ವಯಂಸೇವಕರ ಗುಂಪುಗಳಿವೆ. ತಮ್ಮ ತಮ್ಮ ಕೆಲಸ ಮುಗಿಸಿ, ಸಂಜೆ, ರಾತ್ರಿ, ರಜಾದಿನ ಅಂತ ನೋಡದೆ ಮೋಟಾರು ಸೈಕಲ್ಲಿನಲ್ಲಿ ರಕ್ತ, ಪರೀಕ್ಷೆಯ ಸ್ಯಾಂಪಲ್ಲು, ಎದೆಹಾಲು ಎಲ್ಲವನ್ನೂ ಆಸ್ಪತ್ರೆಗಳಿಗೆ ತಲುಪಿಸುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನಮ್ಮ ಬಾಗಿಲಿಗೆ ಬರುವವರು ವಯಸ್ಸಾದವರು, ಅಪ್ಪನಷ್ಟೇ ಇರಬೇಕು. ನಾನು ಪೆಟ್ಟಿಗೆಯನ್ನು ಹೊಸ್ತಿಲಾಚೆ ಇಟ್ಟು ಹಿಂದೆ ಸರಿಯುತ್ತೇನೆ. ಅವರು ಬಂದು ಎತ್ತಿಕೊಂಡು, ಕೈ ಬೀಸಿ ಹೋಗುತ್ತಾರೆ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿರುವ ಈ ಹೊತ್ತಿನಲ್ಲೂ ಅವರು ಒಂದು ಸಲವೂ ತಪ್ಪಿಸಿಲ್ಲ. ಅವರನ್ನು ನೋಡಿದರೆ ನನಗೆ ಗೌರವ ಉಕ್ಕಿ ಬರುತ್ತದೆ.

ನನ್ನ ಕೆಲಸ ಏನೂ ದೊಡ್ಡದಲ್ಲ, ಆದರೆ ಶುದ್ಧ ಮಾತ್ರ ಬೇಕು. ಕೈ ತೊಳೆದು, ಪಂಪಿನ ಭಾಗಗಳನ್ನೆಲ್ಲ ತೊಳೆದು ಸ್ಟೆರಿಲೈಸ್ ಮಾಡಿಯೇ ಹಿಂಡಬೇಕು. ಬಾಟಲಿಗೆ ತಾರೀಖು ಬರೆದು ಫ್ರೀಜರಿಗೆ ಇಡಬೇಕು. ಫ್ರೀಜರಿನ ಒಳಗೆ ಥರ್ಮಾಮೀಟರ್ ಇದೆ, ಅದು ಎಷ್ಟು ತೋರಿಸುತ್ತದೆ ಅಂತ ದಿನಾ ಒಂದು ಹಾಳೆಯಲ್ಲಿ ಬರೆದಿಡಬೇಕು. ಆ ಹಾಳೆಯ ಜವಾಬ್ದಾರಿ ಇವರದು. ಆಫೀಸಿನ ಕೆಲಸ ಮನೆಯಿಂದಲೇ ಆದ್ದರಿಂದ ಪುಟ್ಟಿಯನ್ನು ಎತ್ತಿಕೊಂಡು ಹೋಗಿ ನೋಡಿ ಬರೆಯುತ್ತಾರೆ.

ಬ್ಯಾಂಕಿಗೆ ಹೋದ ಮೇಲೆ ಹಾಲನ್ನು ಪರೀಕ್ಷೆ ಮಾಡುತ್ತಾರೆ. ಬ್ಯಾಕ್ಟೀರಿಯಾ ಜಾಸ್ತಿ ಇದ್ದರೆ ಚೆಲ್ಲಿಬಿಡುತ್ತಾರೆ. ಸರಿ ಇದ್ದರೆ 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ತಕ್ಷಣ ತಣ್ಣಗೆ ಮಾಡುತ್ತಾರೆ. ನಾವು ಒಲೆಯ ಮೇಲೆ ಹಾಲು ಕಾಯಿಸುವಂತೆ ಉಕ್ಕಿಸುವುದಿಲ್ಲ, ಉಕ್ಕಿಸಿದರೆ ಒಳ್ಳೆಯ ಅಂಶಗಳೂ ಹೋಗುತ್ತವೆ. ಈ ಹದದಲ್ಲಿ ರೋಗ ತರುವ ವೈರಸ್ಸು, ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಾಯುತ್ತವೆ. ರೋಗದ ವಿರುದ್ಧ ಹೋರಾಡುವ ಕೆಲವು ಅಂಶಗಳು ಸ್ವಲ್ಪ ಕಮ್ಮಿಯಾಗುತ್ತವೆ, ಆದರೂ ಬಹಳಷ್ಟು ಉಳಿಯುತ್ತವೆ. ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುವ ಸಕ್ಕರೆಗಳು ಎದೆಹಾಲಿನಲ್ಲಿವೆಯಲ್ಲ, ಅವಕ್ಕೆ ಏನೂ ಆಗುವುದಿಲ್ಲ. ಕೆನಡಾದ ಸಂಶೋಧಕರು ಈ ವರ್ಷವೇ ಎದೆಹಾಲಿಗೆ ಬೇಕಂತಲೇ ಕೊರೊನಾ ವೈರಸ್ ಬೆರೆಸಿ, ಇದೇ ಹದದಲ್ಲಿ ಕಾಯಿಸಿ ನೋಡಿದರು. ವೈರಸ್ ಉಳಿಯಲಿಲ್ಲ. ಇಲ್ಲಿ ಒಬ್ಬ ತಾಯಿಯ ಹಾಲಿಗೆ ಇನ್ನೊಬ್ಬಳದನ್ನು ಬೆರೆಸುವುದೂ ಇಲ್ಲ. ಯಾವ ಬಾಟಲಿ ಯಾರದು, ಯಾವ ಕೂಸಿಗೆ ಹೋಯಿತು ಅನ್ನುವುದು ದಾಖಲೆಯಲ್ಲಿ ಇರುತ್ತದೆ.

ಈ ಭಯ ನಮಗೇ ಮೊದಲಲ್ಲ ಅಮ್ಮಾ. ಹಾಲಿನ ಬ್ಯಾಂಕ್ ಅನ್ನುವುದು 1909ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತಂತೆ. ಈ ದೇಶದಲ್ಲಿ 1935ರಲ್ಲಿ ಸೇಂಟ್ ನಿಯಟ್ಸ್ ಅನ್ನುವ ಊರಿನಲ್ಲಿ ಒಬ್ಬ ತಾಯಿಗೆ ಒಟ್ಟಿಗೆ ನಾಲ್ಕು ಮಕ್ಕಳು ಹುಟ್ಟಿದವು. ಅಷ್ಟು ಪುಟ್ಟ ಮಕ್ಕಳಿಗೆ ಬೇರೆ ತಾಯಂದಿರು ಕೊಟ್ಟ ಹಾಲು ಕುಡಿಸಿದರು. ನಾಲ್ಕೂ ಬದುಕಿದವು. 1939ರಲ್ಲಿ ಲಂಡನ್ನಿನ ಕ್ವೀನ್ ಶಾರ್ಲೆಟ್ಸ್ ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕ್ ತೆರೆದರು, ಅದು ಇವತ್ತಿಗೂ ನಡೆಯುತ್ತಿದೆ. ಆದರೆ 1980ರ ದಶಕದಲ್ಲಿ ಎಚ್‌ಐವಿ ಬಂತು ನೋಡು, ಎದೆಹಾಲಿನಿಂದ ಹರಡುತ್ತದೆ ಅಂತ ಗೊತ್ತಾದ ಕೂಡಲೇ ಎಷ್ಟೋ ಬ್ಯಾಂಕುಗಳು ಬಾಗಿಲು ಹಾಕಿದವು. ರಕ್ತ ಪರೀಕ್ಷೆ ಮತ್ತು ಈ ಕಾಯಿಸುವ ಹದ ಎರಡೂ ಸೇರಿ ನಂಬಿಕೆ ತಿರುಗಿ ಬರೋಕೆ ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ಬೇಗ ಹುಟ್ಟಿದ ಮಕ್ಕಳು ಏನು ಕುಡಿದರು ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಈ ಸಲ ಹಾಗಾಗಬಾರದು. ಹೆದರಿಕೆಯಿಂದ ನಾವು ತಾಯಂದಿರು ಹಿಂದೆ ಸರಿದರೆ ಬ್ಯಾಂಕಿನ ಫ್ರೀಜರ್ ಖಾಲಿಯಾಗುತ್ತದೆ, ಆದರೆ ಬೇಗ ಹುಟ್ಟುವ ಮಕ್ಕಳು ಕೊರೊನಾ ಮುಗಿಯಲಿ ಅಂತ ಕಾಯುವುದಿಲ್ಲ.

ಇದು ಬರೀ ಇಲ್ಲಿನವರ ಪದ್ಧತಿ ಅಂತ ಅಜ್ಜಿ ಅಂದರೆ ಹೇಳು, ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ನಮ್ಮ ಮುಂಬೈನ ಸಯಾನ್ ಆಸ್ಪತ್ರೆಯದು. 1989ರಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು. ಬಡವರ ಮಕ್ಕಳೇ ಜಾಸ್ತಿ ಬರುವ ಸರ್ಕಾರಿ ಆಸ್ಪತ್ರೆ ಅದು.

ಇನ್ನೊಂದು ವಿಷಯ. ಅದನ್ನು ಪಕ್ಕದ ಮನೆಯ ಹುಡುಗಿಗೂ ಹೇಳು, ಅವಳಿಗೆ ಇಷ್ಟರಲ್ಲೇ ಹೆರಿಗೆ ಅಂದೆಯಲ್ಲ. ತಾಯಿಗೆ ಕೊರೊನಾ ಬಂದರೆ ಹಾಲು ಕುಡಿಸಬಾರದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಜೂನ್ ತಿಂಗಳಿನಲ್ಲೇ ಸ್ಪಷ್ಟವಾಗಿ ಹೇಳಿದೆ. ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಕುಡಿಸಬಹುದು, ಮಗುವನ್ನು ಬೇರೆ ಮಾಡಬೇಕಾಗಿಲ್ಲ. ತಾಯಿಗೆ ತೀರಾ ಸುಸ್ತಾದರೆ ಹಿಂಡಿದ ಹಾಲನ್ನು ಬೇರೆಯವರು ಕುಡಿಸಬಹುದು. ಹಾಗಂತ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಅಪರಿಚಿತರ ಹತ್ತಿರ ಹಾಲು ತರಿಸೋದು ಬೇಡವೇ ಬೇಡ. ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಒಂದು ಮಾತು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬ್ಯಾಂಕಿಗೆ ಹಾಲು ಕೊಡುವವರಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರೂ ಇರುತ್ತಾರಂತೆ. ಕೂಸು ಹೋದರೂ ಹಾಲು ನಿಲ್ಲುವುದಿಲ್ಲ. ಎದೆ ಕಟ್ಟಿ ನೋಯುತ್ತದೆ. ಬೇಗ ಬತ್ತಿಸಿಕೊಳ್ಳುವವರೂ ಇದ್ದಾರೆ, ಅದೂ ಸರಿಯೇ. ಕೆಲವರು ಆ ಹಾಲನ್ನು ಹಿಂಡಿ ಇನ್ನೊಬ್ಬರ ಕೂಸಿಗೆ ಕೊಡುತ್ತಾರೆ. ಇದನ್ನು ನನಗೆ ಬ್ಯಾಂಕಿನ ಹೆಂಗಸು ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಮಾಡುತ್ತಿರುವುದನ್ನು ದಾನ ಅಂತ ಕರೆಯೋಕೆ ನನಗೆ ಸಂಕೋಚ. ನನ್ನ ಮಗು ನನ್ನ ತೊಡೆಯ ಮೇಲಿದೆ. ನನ್ನ ಹತ್ತಿರ ಮಿಕ್ಕಿದ್ದನ್ನು ನಾನು ಕೊಡುತ್ತಿದ್ದೇನೆ. ಅವರು ಕೊಡುವುದೇ ಬೇರೆ.

ಪುಟ್ಟಿಗೆ ಆರು ತಿಂಗಳು ತುಂಬುವ ತನಕವಾದರೂ ಕೊಡೋಣ ಅಂತಿದ್ದೇನೆ. ನನಗೆ ಸುಸ್ತಾದರೆ, ಅವಳಿಗೆ ಸಾಲದೆ ಬಂದರೆ ಅವತ್ತೇ ನಿಲ್ಲಿಸುತ್ತೇನೆ. ಬ್ಯಾಂಕಿನವರೂ ಅದನ್ನೇ ಹೇಳಿದ್ದಾರೆ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ನೀರು ಜಾಸ್ತಿ ಕುಡಿಯುತ್ತೇನೆ, ಪುಟ್ಟಿ ಮಲಗಿದಾಗ ನಾನೂ ಮಲಗುತ್ತೇನೆ. ಅದರ ಬಗ್ಗೆ ಚಿಂತೆ ಬೇಡ. ನೀನು ಬಾಣಂತನಕ್ಕೆ ಬರೋಕೆ ಆಗಲಿಲ್ಲ ಅಂತ ಕೊರಗುವುದನ್ನೂ ಬಿಡು. ವಿಮಾನ ಸರಿಯಾಗಿ ಓಡಾಡೋಕೆ ಶುರುವಾದ ಕೂಡಲೇ ಟಿಕೆಟ್ ಮಾಡಿಸುತ್ತೇವೆ.

ಭಾನುವಾರ ಫೋನ್ ಮಾಡುತ್ತೇನೆ. ಇನ್ನೂ ಏನಾದರೂ ಮನಸ್ಸಿನಲ್ಲಿದ್ದರೆ ನೇರವಾಗಿ ಕೇಳು, ಫೋನನ್ನು ಅಪ್ಪನಿಗೆ ಕೊಡಬೇಡ. ಅಪ್ಪ ಹೊರಗೆ ಹೋಗುವಾಗ ಮಾಸ್ಕ್ ಮೂಗಿನ ಮೇಲೇ ಇರಲಿ, ಗದ್ದಕ್ಕೆ ಇಳಿಸಬಾರದು. ಅಜ್ಜಿಗೆ ನನ್ನ ನಮಸ್ಕಾರ, ಪುಟ್ಟಿಯ ಮುತ್ತು.

ನಿನ್ನ ಪ್ರೀತಿಯ ಮಗಳು