ಪೆಟ್ರೋಲ್ ಬಂಕ್ ಮುಂದೆ ಎಲ್ಲರೂ ಒಂದೇ ಸಾಲಲ್ಲಿ

ಮಾನ್ಯ ಸಂಪಾದಕರೇ,

ಶ್ರೀಲಂಕಾದ ಬೌದ್ಧ ರಾಷ್ಟ್ರವಾದಕ್ಕೆ, ಅಂದರೆ ದೇಶ ಸಿಂಹಳ ಬೌದ್ಧರದ್ದೇ ಅನ್ನೋ ವಾದಕ್ಕೆ, ಧರ್ಮವೊಂದೇ ಕಾರಣ ಅಂತ ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1956ರಲ್ಲಿ ಅಲ್ಲಿನ ಬಹುಸಂಖ್ಯಾತರ ಭಾಷೆಯಾದ ಸಿಂಹಳವೊಂದೇ ಆಡಳಿತ ಭಾಷೆ ಅಂತ ಕಾನೂನು ಬಂತಲ್ಲ, ಸರ್ಕಾರಿ ಕೆಲಸ ಯಾರಿಗೆ ಸಿಗಬೇಕು ಅನ್ನೋ ಜಗಳವೂ ಅದರ ಹಿಂದೆ ಇತ್ತು ಅಲ್ವಾ?

2019ರ ಈಸ್ಟರ್ ದಿನ ಅಲ್ಲಿ ಇಸ್ಲಾಮಿ ಉಗ್ರರಿಂದ ಬಾಂಬ್ ದಾಳಿಯಾಯಿತು. ಜನ ಹೆದರಿದ್ದರು. ಅದೇ ವರ್ಷ ಗೊಟಬಯ ರಾಜಪಕ್ಸ ಅಧ್ಯಕ್ಷ ಚುನಾವಣೆ ಗೆದ್ದು, ಬೌದ್ಧರ ಪವಿತ್ರ ಊರಾದ ಅನುರಾಧಪುರದ ಸ್ತೂಪದ ಬಳಿ ಪ್ರಮಾಣ ವಚನ ತೆಗೆದುಕೊಂಡರು. ಕೋವಿಡ್‌ನಿಂದ ಸತ್ತ ಮುಸ್ಲಿಮರನ್ನು ಹೂಳಲು ಅವರ ಸರ್ಕಾರ ಬಿಡಲಿಲ್ಲ, ಇಪ್ಪತ್ತು ದಿನದ ಕೂಸನ್ನೂ ಸುಡಿಸಿದರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಕಡೆ, ಗೆದ್ದ ಕೂಡಲೇ ತೆರಿಗೆ ಇಳಿಸಿದ್ದು, ಪ್ರವಾಸಿಗರು ಬಾರದೇ ಹೋಗಿದ್ದು, 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಏಕಾಏಕಿ ನಿಷೇಧಿಸಿದ್ದು ಎಲ್ಲಾ ಸೇರಿ ದೇಶವನ್ನು ಮುಳುಗಿಸಿತು, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟುವುದೇ ನಿಂತಿತು. ಗ್ಯಾಸ್, ಪೆಟ್ರೋಲ್‌ಗೆ ಸಿಂಹಳರು, ತಮಿಳರು, ಮುಸ್ಲಿಮರು ಒಂದೇ ಸಾಲಲ್ಲಿ ನಿಂತರು. ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ, ಸ್ತೂಪದ ಬಳಿ ಪ್ರಮಾಣ ಮಾಡಿದ ಅದೇ ಅಧ್ಯಕ್ಷರ ವಿರುದ್ಧದ ಧರಣಿಯಲ್ಲಿ, ಬೌದ್ಧ ಭಿಕ್ಷುಗಳೂ ಕೂತರು, ಮುಸ್ಲಿಮರು ಅಲ್ಲೇ ಇಫ್ತಾರ್ ಮಾಡಿದರು.

– ಒಬ್ಬ ಓದುಗ, ಮೈಸೂರು