ಬೌಲಿಂಗೋ ಓಟವೋ: ಸೋದರಳಿಯನಿಗೊಂದು ಕಾಗದ

ತುಮಕೂರು

ಚಿ. ಕಿರಣನಿಗೆ ಮಾವನ ಆಶೀರ್ವಾದಗಳು.

ಚೆಂಡು ಉರುಳಿಸಿ ಹತ್ತು ಪಿನ್ನು ಕೆಡವುವ ಆ ಬೌಲಿಂಗ್ ಕಲಿಯಲೋ, ಓಡೋಕೆ ಶುರು ಮಾಡಲೋ ಅಂತ ಕೇಳಿದ್ದೀಯ. ವಸಂತನರಸಾಪುರದ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದ ಬುಧವಾರವೂ ಕೈಗೆ ಸಿಗುವಂಥದ್ದು ಯಾವುದೋ ಅದನ್ನು ಹಿಡಿ. ಓಡೋಕೆ ಅಮಾನಿಕೆರೆ ಊರೊಳಗೇ ಇದೆ. ನೀನು ಹೇಳುವ ಬೌಲಿಂಗ್ ಜಾಗ ಬೆಂಗಳೂರಿನ ಮಾಲಿನಲ್ಲಿ, ಸುಮಾರು 70 ಕಿ.ಮೀ. ಆಚೆ. ನೆಲಮಂಗಲದ ಟ್ರಾಫಿಕ್ಕು ಬೇರೆ. ನನ್ನ ಓಟು ಓಟಕ್ಕೇ.

ಹಾಗಂತ ಬೌಲಿಂಗ್ ಬರೀ ಮೋಜಲ್ಲ ಕಣಪ್ಪ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಹೋಗು, ಆದರೆ ತಿಳಿದುಕೊಂಡು ಹೋಗು. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನು 60 ಅಡಿ ದೂರ. ಅಲ್ಲಿಗೆ ಗುರಿಯಿಟ್ಟರೆ ಕೈ ಅಡ್ಡ ತಿರುಗುತ್ತದೆ. ಗೆರೆಯಿಂದ ಸುಮಾರು 15 ಅಡಿಯಲ್ಲಿ ಲೇನಿನ ಮೇಲೆ, ಅಂದರೆ ಚೆಂಡು ಉರುಳುವ ಹಾದಿಯ ಮೇಲೆ, ಬಾಣದ ಗುರುತುಗಳಿವೆ. ಬಲಗೈಯವನಾದ ನೀನು ಬಲದಿಂದ ಎರಡನೆಯದರ ಮೇಲೆ ಕಣ್ಣಿಡು. ಚೆಂಡು 12 ಅಥವಾ 13 ಪೌಂಡಿನದು ಸಾಕು. 16ರದ್ದು ಎತ್ತಿ ಶೂರನಾಗೋದು ಬೇಡ. ತೂಕಕ್ಕಿಂತ ಹೆಬ್ಬೆರಳ ತೂತು ನೋಡು: ಬೆರಳು ಪೂರ್ತಿ ಒಳಗೆ ಹೋಗಿ, ಎಳೆದಾಗ ಸಿಕ್ಕಿಕೊಳ್ಳದೆ ಬರಬೇಕು. ಸಡಿಲವಿದ್ದರೆ ಗೊತ್ತಿಲ್ಲದೆ ಹಿಸುಕಿ ಹಿಡಿಯುತ್ತೀಯ, ಮಣಿಕಟ್ಟು ನೋಯುತ್ತದೆ. ಬಿಗಿಯಿದ್ದರೆ ಚೆಂಡು ತಡವಾಗಿ ಬಿಟ್ಟು ದಡ್ ಅಂತ ಲೇನಿಗೆ ಬೀಳುತ್ತದೆ. ಗೆರೆ ಮಾತ್ರ ದಾಟಬೇಡ. ಆ ಎಸೆತದ ಅಂಕ ಸೊನ್ನೆಯಾಗೋದು ಇರಲಿ, ಲೇನಿಗೆ ಎಣ್ಣೆ ಹಚ್ಚಿರುತ್ತಾರೆ, ಕಾಲಿಟ್ಟರೆ ಅಂಗಾತ.

ಹೊಸಬರು ಸ್ಟ್ರೈಕಿಗೆ, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ ಕೆಡವೋದಕ್ಕೆ, ಬಾಯಿಬಿಡುತ್ತಾರೆ. ಲೆಕ್ಕ ಬೇರೆಯದೇ ಹೇಳುತ್ತದೆ. ಒಂದು ಆಟಕ್ಕೆ ಹತ್ತು ಸರದಿ, ಅದಕ್ಕೆ ಫ್ರೇಮ್ ಅಂತಾರೆ. ಹತ್ತು ಫ್ರೇಮಿನಲ್ಲೂ ಒಂಬತ್ತೊಂಬತ್ತು ಪಿನ್ ಬೀಳಿಸಿ ಉಳಿದೊಂದನ್ನು ಬಿಟ್ಟರೆ 90. ಆ ಒಂದನ್ನೂ ಪ್ರತಿಸಲ ಎರಡನೇ ಎಸೆತಕ್ಕೆ ಕೆಡವಿ, ಕೊನೆಯ ಹೆಚ್ಚುವರಿ ಎಸೆತದಲ್ಲೂ ಒಂಬತ್ತು ಬಂದರೆ, ಒಂದೂ ಸ್ಟ್ರೈಕ್ ಇಲ್ಲದೆ 190. ಎರಡೆಸೆತದಲ್ಲಿ ಹತ್ತೂ ಬಿದ್ದರೆ ಅದು ಸ್ಪೇರ್; ಸ್ಪೇರ್ ಆದ ಫ್ರೇಮಿಗೆ ಮುಂದಿನ ಎಸೆತದ ಪಿನ್ನುಗಳೂ ಸೇರೋದರಿಂದ ಹೀಗೆ. ಮೊದಲ ದಿನ ಎರಡು ಆಟಕ್ಕೆ ನಿಲ್ಲಿಸು. ಮೂರಾಡಿದರೆ ಮಾರನೇ ದಿನ ಹೆಬ್ಬೆರಳೂ ಎಡತೊಡೆಯೂ ಮಾತು ಕೇಳವು, ಚೆಂಡು ಬಿಡುತ್ತ ಮುಂದಕ್ಕೆ ಜಾರುವಾಗ ಭಾರವೆಲ್ಲ ಆ ಕಾಲಿನ ಮೇಲೇ ಬೀಳೋದು.

ಈಗ ಓಟಕ್ಕೆ ಬಾ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಐದು ನಿಮಿಷ ಬಿರುಸಾಗಿ ನಡೆ. ಆಮೇಲೆ ಒಂದು ನಿಮಿಷ ಓಡು, ಎರಡು ನಿಮಿಷ ನಡೆ. ಹೀಗೆ ಎಂಟು ಸುತ್ತು. ವಾರಕ್ಕೆ ಅರ್ಧ ನಿಮಿಷದಂತೆ ಓಟ ಹೆಚ್ಚಿಸುತ್ತ ಹೋಗು. ಓಡುತ್ತಲೇ ಒಂದು ಪೂರ್ತಿ ವಾಕ್ಯ ಆಡಲಾಗಬೇಕು, ಅದೇ ಸರಿಯಾದ ವೇಗ. ಪಕ್ಕದಲ್ಲಿ ನಡೆಯುವ ಹಿರಿಯರು ನಿನ್ನನ್ನು ಹಿಂದಿಕ್ಕಿದರೂ ಹಿಂದಿಕ್ಕಲಿ.

ಯಾಕಿಷ್ಟು ನಿಧಾನ ಅಂತೀಯ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬಿಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಮೂರನೇ ವಾರ ಹುರುಪು ಬಂದು ಒಮ್ಮೆಲೇ ಐದು ಕಿ.ಮೀ. ಓಡುವವರು ಸಿಕ್ಕಿಬೀಳೋದು ಈ ಅಂತರದಲ್ಲೇ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳಮಗ್ಗುಲಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಬೆರಳಿಂದ ಒತ್ತಿ ನೋಡು. ನಾಲ್ಕೈದು ಬೆರಳಗಲ ಉದ್ದಕ್ಕೂ ನೋವಿದ್ದರೆ ಒಂದೆರಡು ವಾರ ಓಟ ನಿಲ್ಲಿಸಿ, ನೋವಾಗದಷ್ಟೇ ನಡೆ. ಆಮೇಲೆ, ನೋವು ಬರೋದಕ್ಕೆ ಎರಡು ವಾರ ಮುಂಚೆ ಇದ್ದ ಹಂತದಿಂದ ಮತ್ತೆ ಶುರು. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತಾದರೆ, ಅಥವಾ ರಾತ್ರಿ ಮಲಗಿದಾಗಲೂ ನೋವಿದ್ದರೆ, ಎಲುಬು ಬಿರುಕು ಬಿಟ್ಟಿರಬಹುದು. ಮೂಳೆ ಡಾಕ್ಟರ ಹತ್ತಿರ ಹೋಗು. ಎಣ್ಣೆ ನೀವಿಸಿಕೊಂಡು ಓಡಬೇಡ.

ಹೆಜ್ಜೆ ಚಿಕ್ಕದಿರಲಿ, ಪಾದ ಮಂಡಿಯ ಕೆಳಗೇ ಊರಲಿ. ಕಾಲು ಮುಂದೆ ಚಾಚಿ ಹಿಮ್ಮಡಿ ಬಡಿದರೆ ಪ್ರತಿ ಹೆಜ್ಜೆಯೂ ಬ್ರೇಕು. ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು; ದಿನಾ ಒಂದೇ ಅಂಚಿನಲ್ಲಿ ಓಡಿದರೆ ಒಂದೇ ಸೊಂಟ ನೋಯಲು ಶುರುವಾಗುತ್ತದೆ. ಸಮನಾದ ಮಣ್ಣಿನ ಮೈದಾನ ಸಿಕ್ಕರೆ ಬಲು ಒಳ್ಳೇದು. ರಸ್ತೆಯೇ ಗತಿಯಾದರೆ ಎದುರು ಬರುವ ಗಾಡಿ ಕಾಣುವಂತೆ ಬಲಬದಿಯಲ್ಲಿ ಓಡು. ನಾಯಿ ಬೊಗಳಿದರೆ ಓಡಬೇಡ, ನಿಂತು ನಿಧಾನಕ್ಕೆ ನಡೆದು ದಾಟು.

ಗೆಳೆಯರು ದೇವರಾಯನದುರ್ಗದ ಘಾಟಿಗೆ ಕರೆದರೆ ಮೊದಲ ಮೂರು ತಿಂಗಳು ಒಲ್ಲೆ ಅನ್ನು. ಏರಿಗಿಂತ ಇಳಿಜಾರೇ ತೊಡೆಯನ್ನು ಹಣ್ಣು ಮಾಡೋದು. ಬೆಂಗಳೂರಿನ ಹತ್ತು ಕಿ.ಮೀ. ಓಟದ ಸ್ಪರ್ಧೆ, ವರ್ಲ್ಡ್ ಟೆನ್ ಕೆ, 2008ರಿಂದ ನಡೆಯುತ್ತಿದೆ, ಓಡಿಹೋಗೋದಿಲ್ಲ. ನಿಲ್ಲದೆ ಐದು ಕಿ.ಮೀ. ಬಂದಮೇಲೆ ಹೆಸರು ಕೊಡು.

ಮುದ್ದೆ ಉಂಡು ಎರಡು ಮೂರು ಗಂಟೆಯಾದರೂ ಕಳೆಯಲಿ, ಇಲ್ಲದಿದ್ದರೆ ಪಕ್ಕೆ ಹಿಡಿದುಕೊಳ್ಳುತ್ತದೆ. ಬೆಳಗ್ಗೆಯಾದರೆ ಒಂದು ಬಾಳೆಹಣ್ಣು ಸಾಕು. ನಿಮ್ಮಪ್ಪನಿಗೆ ಬಿ.ಪಿ. ಇರೋದರಿಂದ ಶುರು ಮಾಡುವ ಮುಂಚೆ ನಿನ್ನದೂ ತೋರಿಸಿಕೋ.

ಶೂ ಸಾಯಂಕಾಲ ಕೊಳ್ಳು, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗು. ಹತ್ತಿಯದು ಬೆವರು ಕುಡಿದು ಬೊಬ್ಬೆ ಎಬ್ಬಿಸುತ್ತದೆ, ಬೇಡ. ನಿಂತಾಗ ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ, ಹಿಮ್ಮಡಿ ಮೇಲೇಳಬಾರದು. 500ರಿಂದ 800 ಕಿ.ಮೀ. ಆದಮೇಲೆ ಮೇಲ್ಭಾಗ ಚೆನ್ನಾಗಿದ್ದರೂ ಒಳಗಿನ ಮೆತ್ತೆ ಸತ್ತಿರುತ್ತದೆ. ಕೊಂಡ ತಾರೀಕನ್ನು ಶೂ ನಾಲಿಗೆಯ ಒಳಗೆ ಪೆನ್ನಿನಲ್ಲಿ ಬರೆದಿಡು.

ಅಕ್ಕ-ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ