ಆ ಕ್ಯಾಮೆರಾ ತಗೋ ಪುಟ್ಟಿ, ನಿಮ್ಮಪ್ಪ ಏನೂ ಅನ್ನಲ್ಲ

ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಮನೆ ಸುದ್ದಿ, ತೋಟದ ಸುದ್ದಿ ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳೇ ಇರ್ತಾಳೆ, ಅದನ್ನ ಮತ್ತೆ ಬರೆಯೋದಿಲ್ಲ. ಸೋನಿ ಆರ್‌ಎಕ್ಸ್100 ಕ್ಯಾಮೆರಾದಲ್ಲಿ ಮೂರನೇದೋ ಐದನೇದೋ ಆರನೇದೋ ಅಂತ ನೀನು ಹಾಕಿರೋ ಪಟ್ಟಿ ನೋಡ್ದೆ, ಚೆನ್ನಾಗೇ ಮಾಡಿದೀಯ, ಮೂರು ತಿಂಗಳು ಕೂತು ಮಾಡಿದ್ದು ಅಂತ ಗೊತ್ತಾಗುತ್ತೆ. ಆದ್ರೆ ಪಟ್ಟಿ ಕೆಳಗೆ ಒಂದು ಸಾಲು ಬರ್ದಿದೀಯಲ್ಲ, "ತಪ್ಪಾದ್ದು ತಗೊಂಡ್ಬಿಟ್ರೆ ಅಪ್ಪನ ಮುಖ ಹೇಗೆ ನೋಡ್ಲಿ ದೊಡ್ಡಪ್ಪ, ಕ್ಯಾಮೆರಾ ಅಂದ್ರೆ ಸಾಕು ಎದ್ದು ಹೋಗ್ತಾರೆ" ಅಂತ, ಅಲ್ಲಿಗೆ ಬಂದು ಕನ್ನಡಕ ತೆಗ್ದಿಟ್ಟೆ. ನಾಲ್ಕು ದಿನದಿಂದ ಅದೇ ಸಾಲು ತಲೇಲಿ.

ಮೊದ್ಲು ಕ್ಯಾಮೆರಾ ವಿಷ್ಯ ಹೇಳ್ಬಿಡ್ತೀನಿ, ನೀನು ಕೇಳಿದ್ದು ಅದನ್ನೇ ತಾನೆ. 2012ರಲ್ಲಿ ಈ ಸಾಲಿನ ಮೊದಲ್ನೇದು ಬಂತು, 2019ರಲ್ಲಿ ಏಳನೇದು. ಏಳಕ್ಕೂ ಒಳಗಿರೋ ಸೆನ್ಸರ್ ಅಳತೆ ಒಂದೇ, 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಎಲ್ಲಾದಕ್ಕೂ 20 ಮೆಗಾಪಿಕ್ಸೆಲ್ಲು. ಮುಂದಿಂದ ನೋಡಿದ್ರೆ ಯಾವ್ದು ಯಾವ್ದು ಅಂತ ತಕ್ಷಣ ಗೊತ್ತೇ ಆಗಲ್ಲ. ವ್ಯತ್ಯಾಸ ಮುಖ್ಯವಾಗಿ ಲೆನ್ಸಲ್ಲಿ. ಮೂರರಿಂದ ಐದರವರೆಗೆ ಜೂಮ್ 24-70 ಮಿ.ಮೀ., ಎಫ್ 1.8ರಿಂದ 2.8, ಎಫ್ ಸಂಖ್ಯೆ ಕಮ್ಮಿ ಇದ್ದಷ್ಟೂ ಬೆಳಕು ಜಾಸ್ತಿ. ಆರು ಏಳಕ್ಕೆ 200ರವರೆಗೂ ಜೂಮ್ ಇದೆ, ಆದ್ರೆ ಶುರುವಾಗೋದೇ ಎಫ್ 2.8ರಿಂದ. ಅಂದ್ರೆ ಜೂಮ್ ಮಾಡ್ದೆ ಅಗಲಕ್ಕೆ ಇಟ್ಟು ಹೊಡಿಯುವಾಗ ಐದನೇದ್ರೊಳಗೆ ಆರನೇದಕ್ಕಿಂತ ಹತ್ರ ಹತ್ರ ಎರಡೂವರೆ ಪಟ್ಟು ಬೆಳಕು ಬರುತ್ತೆ. ನೀನು ಹೊಡಿಬೇಕು ಅಂತಿರೋದು ರಾತ್ರಿ ಯಕ್ಷಗಾನದ ಆಟ, ಅದ್ರಲ್ಲೂ ಚೌಕಿ ಒಳಗೆ ಬಣ್ಣ ಹಚ್ಕೊಳ್ಳೋರನ್ನ. ಚೌಕಿ ಅಂದ್ರೆ ವೇಷ ಕಟ್ಟೋ ಜಾಗ, ಒಂದೋ ಎರಡೋ ಬಲ್ಬು, ಹತ್ರ ಕೂತು ಹೊಡಿಯೋದು, ಅಲ್ಲಿ ಜೂಮ್ ಕಟ್ಕೊಂಡು ಏನ್ ಮಾಡ್ತೀಯ, ಬೆಳಕು ಬೇಕು. ಹಾಗಾಗಿ ನನ್ನ ಮನಸ್ಸಲ್ಲಿ ಆರು ಏಳು ಇಲ್ಲ. ರಂಗಸ್ಥಳದ ಎದುರು ಕೂತು ವೇಷದವ್ರು ಗಿರಗಿರ ತಿರುಗಿ ಧೀಂಗಿಣ ಹೊಡಿಯೋದನ್ನ ಹಿಡಿಬೇಕು ಅಂದ್ರೆ ಐದನೇದು, ಅದರ ಫೋಕಸ್ ಬೇಗ, ಮೂರನೇದು ಅಲ್ಲಿ ಒದ್ದಾಡುತ್ತೆ. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂದ್ರೆ ಮೂರನೇದೇ ಸಾಕು. ಇಷ್ಟೇ ನಂಗೆ ತಿಳಿದಿದ್ದು, ಡಿಜಿಟಲ್ಲಲ್ಲಿ ನಾನೇನು ದೊಡ್ಡ ಪಂಡಿತ ಅಲ್ಲ, ಇದ್ರಲ್ಲಿ ಎಷ್ಟೋ ನಿನ್ನ ಪಟ್ಟೀಲೇ ಇದೆ.

ಇಷ್ಟು ಹತ್ರ ಹತ್ರ ಇರೋ ಕ್ಯಾಮೆರಾಗಳಲ್ಲಿ ತಪ್ಪಾದ್ದು ಅಂತ ಯಾವ್ದಿದೆ ಹೇಳು ಮಾರಾಯ್ತಿ? ಆದ್ರೂ ನಿಂಗೆ ಭಯ ಇದೆ, ಆ ಭಯ ಎಲ್ಲಿಂದ ಬಂತು ಅಂತ ನಂಗೆ ಗೊತ್ತು, ಅದಕ್ಕೇ ನಿದ್ದೆ ಬರ್ತಿಲ್ಲ.

1986ನೇ ಇಸ್ವಿ. ನಿಮ್ಮಪ್ಪ ಕೆಲ್ಸಕ್ಕೆ ಸೇರಿ ಎರಡನೇ ತಿಂಗಳ ಸಂಬಳದಲ್ಲಿ ಬೆಂಗಳೂರಿಂದ ಒಂದು ಕ್ಯಾಮೆರಾ ತಂದ. ಸಣ್ಣದು, ಅಂಗಿ ಜೇಬಲ್ಲಿ ಹಿಡಿಯುವಂಥದ್ದು, ಫೋಕಸ್ ತಿರುಗಿಸೋ ಹಾಗೇ ಇಲ್ಲ, ಐದಾರು ಅಡಿ ಆಚೆ ಇರೋದೆಲ್ಲ ಸರಿ ಬರುತ್ತೆ, ಹತ್ರ ಹೋದ್ರೆ ಮಸುಕು, ಆಗ ಅಂಥವು ತುಂಬ ಬರ್ತಿದ್ವು. ನಂದೋ ಆಗ ಪೇಟೇಲಿ ಸ್ಟುಡಿಯೋ, ಯಾಶಿಕಾ ಮ್ಯಾಟ್ 124ಜಿ ಅನ್ನೋ ಕ್ಯಾಮೆರಾ ಇತ್ತು, ಒಂದು ರೋಲಲ್ಲಿ ಹನ್ನೆರಡೇ ಫೋಟೊ, ಹನ್ನೆರಡನ್ನೂ ಲೆಕ್ಕ ಹಾಕಿ ಹೊಡಿತಿದ್ದೆ. ಇವನು ಮೂವತ್ತಾರರ ರೋಲ್ ಹಾಕ್ಕೊಂಡು ಎರಡು ದಿನದಲ್ಲಿ ಮುಗಿಸಿ ನನ್ನ ಕೈಗೆ ತಂದು ಕೊಟ್ಟ. ಅಣ್ಣ, ತೊಳ್ದು ಕೊಡು ಅಂತ.

ರಾತ್ರಿ ತೊಳ್ದೆ. ಒದ್ದೆ ನೆಗೆಟಿವ್ವನ್ನ ಬಲ್ಬಿಗೆ ಹಿಡ್ದು ನೋಡಿದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ಜಗಲಿ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸ್ತಿರೋದು. ನೆಗೆಟಿವ್ವಲ್ಲಿ ಕಪ್ಪು ಕೂದಲು ಬೆಳ್ಳಗೆ, ಹಣೆ ಕುಂಕುಮ ಬಿಳಿ ಚುಕ್ಕಿ. ಎರಡಡಿ ಹತ್ರ ಹೋಗಿ ಹೊಡ್ದಿದಾನೆ. ಹಿಂದುಗಡೆ ಗೋಡೆಗೆ ಒರಗಿಸಿಟ್ಟ ಒನಕೆ ಗೆರೆ ಗೆರೆ ಕಾಣೋ ಹಾಗೆ ಬಂದಿದೆ, ಅಮ್ಮನ ಮುಖ ಮಾತ್ರ ಮಸುಕು. ಒಂದಲ್ಲ, ಹತ್ತು ಹದಿನೈದು ಹಾಗೇ.

ಬೆಳಿಗ್ಗೆ ಮನೇಲಿ ನಾಲ್ಕು ಜನ ನೆಂಟರು ಕೂತಿದ್ರು, ಕಾಫಿ ಕುಡಿತಾ ಇದ್ರು. ಅವ್ರೆದುರಿಗೆ ಆ ನೆಗೆಟಿವ್ ಎತ್ತಿ ತೋರ್ಸಿ ಅಂದೆ, ಇದಕ್ಕಾ ಒಂದು ತಿಂಗಳ ಸಂಬಳ ಸುರಿದಿದ್ದು, ಮನೇಲೇ ಒಬ್ಬ ಫೋಟೊಗ್ರಾಫರ್ ಇದಾನೆ, ಒಂದು ಮಾತು ಕೇಳೋಕೇನಾಗಿತ್ತು ನಿಂಗೆ ಅಂತ. ಎಲ್ಲ ನಕ್ರು. ಅವನೂ ನಕ್ಕ. ಆಮೇಲೆ ಕ್ಯಾಮೆರಾ ಬಟ್ಟೇಲಿ ಸುತ್ತಿ ಅಟ್ಟದ ಮೇಲಿಟ್ಟ. ಅಲ್ಲಿಂದ ಈಚೆಗೆ ಅವನು ಕ್ಯಾಮೆರಾ ಹಿಡಿದಿದ್ದು ನಾನು ನೋಡಿಲ್ಲ ಪುಟ್ಟಿ. ನಿನ್ನ ನಾಮಕರಣಕ್ಕೂ ಇಲ್ಲ, ನೀನು ಮೊದ್ಲು ಶಾಲೆಗೆ ಹೋದಾಗ್ಲೂ ಇಲ್ಲ. ನಿನ್ನ ಚಿಕ್ಕಂದಿನ ಫೋಟೊ ಎಲ್ಲ ದೊಡ್ಡಪ್ಪನೇ ಹೊಡ್ದಿದ್ದು ಅಂತ ನೀನು ಖುಷಿಯಿಂದ ಹೇಳ್ತಿರ್ತೀಯ, ಯಾಕೆ ನಾನೇ ಹೊಡ್ದೆ ಅನ್ನೋದು ಇದು.

ಇನ್ನೊಂದು ಹೇಳ್ಬೇಕು. ಆ ನೆಗೆಟಿವ್ ಕತ್ತರಿಸಿ ಬಿಸಾಡಿದ್ದು ನಾನೇ, ಪ್ರಿಂಟ್ ಹಾಕೋಕೆ ಯೋಗ್ಯ ಇಲ್ಲ ಅಂತ. ಉಳಿದ ಇಪ್ಪತ್ತು ಫೋಟೊದಲ್ಲಿ ಏನಿತ್ತು ಅಂತ ಸರಿಯಾಗಿ ನೋಡೂ ಇಲ್ಲ. ಅವನಿಗೆ ಆವತ್ತು ಬೇಕಾಗಿದ್ದು ಒಂದೇ ಮಾತು, ಒಂದು ಐದಡಿ ಹಿಂದೆ ನಿಂತು ಹೊಡಿಯೋ, ಸರಿ ಬರುತ್ತೆ ಅಂತ. ನಂಗೆ ಅದು ಗೊತ್ತಿತ್ತು. ಕಲಿಸೋಕೆ ಅರ್ಧ ನಿಮಿಷ ಬೇಡ. ಹೇಳ್ಲಿಲ್ಲ.

ಹಾಗಾಗಿ ಕ್ಯಾಮೆರಾ ಅಂದಾಗ ಅವನು ಎದ್ದು ಹೋಗೋದು ನಿನ್ನ ಮೇಲಿನ ಸಿಟ್ಟಿಗೆ ಅಂತ ದಯವಿಟ್ಟು ತಿಳ್ಕೋಬೇಡ. ನೀನು ಯಾವ ಮಾಡೆಲ್ ತಂದ್ರೂ ಅವನು ಒಂದು ಮಾತು ಅನ್ನೋನಲ್ಲ, ಅವನ ಸ್ವಭಾವನೇ ಅದಲ್ಲ. ಅನ್ನೋ ಸ್ವಭಾವ ಇದ್ದಿದ್ದು ನಂದು.

ಮತ್ತೆ ಕ್ಯಾಮೆರಾಕ್ಕೆ ಬರ್ತೀನಿ, ಕ್ಷಮಿಸು, ಎಲ್ಲೆಲ್ಲೋ ಹೋಗ್ತಿದೆ. ಐದನೇದು 2016ರದ್ದು, ಸೆಕೆಂಡ್ ಹ್ಯಾಂಡೇ ತಗೋಬೇಕಾಗ್ಬಹುದು. ತಗೊಳ್ಳೋ ಮುಂಚೆ ನಾಲ್ಕೈದು ಸಲ ಆನ್ ಆಫ್ ಮಾಡಿ ಲೆನ್ಸ್ ಹೊರಗೆ ಬಂದು ಒಳಗೆ ಹೋಗೋ ಸದ್ದು ಕೇಳು, ಕರಕರ ಅಂದ್ರೆ ಬೇಡ. ಎಫ್ 11ಕ್ಕಿಟ್ಟು ಬಿಳಿ ಗೋಡೆದೊಂದು ಫೋಟೊ ಹೊಡ್ದು ದೊಡ್ಡದು ಮಾಡಿ ನೋಡು, ಬೂದು ಬೂದು ಚುಕ್ಕಿ ಇದ್ರೆ ಒಳಗೆ ಧೂಳು ಹೋಗಿದೆ ಅಂತ ಅರ್ಥ, ಇದ್ರ ಲೆನ್ಸ್ ಬಿಚ್ಚೋಕೆ ಬರಲ್ಲ, ನಾವು ನಾವೇ ಒರೆಸ್ಕೊಳ್ಳೋ ಹಾಗಿಲ್ಲ. ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ನೋಡು, ಜೇಡರ ಬಲೆ ಥರ ಎಳೆ ಕಂಡ್ರೆ ಫಂಗಸ್ಸು. ನಮ್ಮ ಮಲೆನಾಡಲ್ಲಿ ಇದೊಂದು ಶಾಪ, ನನ್ನ ಯಾಶಿಕಾನೇ ಹಾಗೆ ಹೋಗಿದ್ದು, ಚರ್ಮದ ಕೇಸಲ್ಲಿ ಭದ್ರವಾಗಿಟ್ಟಿದೀನಿ ಅನ್ಕೊಂಡಿದ್ದೆ, ಚರ್ಮ ಮಳೆಗಾಲದ ತೇವ ಎಲ್ಲ ಹೀರ್ಕೊಂಡು ಲೆನ್ಸಿಗೆ ಕೊಡ್ತು. ನೀನು ಊರಿಗೆ ತಂದಾಗ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿಡು. ಬಳಸ್ತಾ ಇದ್ರೆ ಅದೂ ಅಷ್ಟು ಬೇಗ ಬರಲ್ಲ, ಅಟ್ಟದ ಮೇಲಿಟ್ಟಿದ್ದಕ್ಕೇ ಬರೋದು. ಅವನ ಆ ಕ್ಯಾಮೆರಾನೂ ಒಂದು ಸಲ ಇಳಿಸಿ ನೋಡಿದ್ದೆ ಮನೆ ರಿಪೇರಿ ಟೈಮಲ್ಲಿ, ಗಾಜು ಪೂರ್ತಿ ಬಿಳುಚಿಕೊಂಡಿತ್ತು. ಸುತ್ತಿದ್ದ ಬಟ್ಟೆ ಅಮ್ಮನ ಹಳೇ ಸೀರೆ ತುಂಡು.

ಇದನ್ನೆಲ್ಲ ಅವನ ಹತ್ರ ಯಾವತ್ತೂ ಮಾತಾಡಿಲ್ಲ. ಮಾತಾಡ್ಬೇಕು ಅಂತ ಎಷ್ಟೋ ಸಲ ಅನ್ಸಿದೆ, ಇಬ್ರೂ ತೋಟದಲ್ಲಿ ಒಟ್ಟಿಗೆ ನಡಿತಿರ್ತೀವಿ, ಅಡಿಕೆ ರೇಟಿನ ಮಾತಲ್ಲೇ ಮನೆ ಬಂದ್ಬಿಡುತ್ತೆ. ನೀನು ಅವನಿಗೆ ಈ ಪತ್ರ ತೋರಿಸ್ಬೇಕು ಅನ್ಸಿದ್ರೆ ತೋರ್ಸು, ನಂದೇನು ಅಡ್ಡಿಯಿಲ್ಲ.

ಒಂದು ಕೇಳ್ಕೋತೀನಿ. ಕ್ಯಾಮೆರಾ ತಗೊಂಡು ಊರಿಗೆ ಬಂದ ದಿನ ಸುಮ್ನೆ ಅವನ ಕೈಗೆ ಕೊಡು. ಏನೂ ವಿವರಿಸ್ಬೇಡ, ಹೀಗೆ ಹಿಡಿ ಹಾಗೆ ಹಿಡಿ ಅನ್ಬೇಡ. ಮಸುಕು ಬಂದ್ರೆ ಬರ್ಲಿ, ಅಳಿಸ್ಬೇಡ. ಆವತ್ತು ನಾನು ನಿಮ್ಮನೆ ಕಡೆ ಬರಲ್ಲ, ನಾನಿದ್ರೆ ಅವನು ಮುಟ್ಟಲ್ಲ. ಮಾರನೇ ದಿನ ಬರ್ತೀನಿ.

ನಿನ್ನ
ದೊಡ್ಡಪ್ಪ

ಮರ್ತಿದ್ದೆ. ಐದನೇದಕ್ಕೆ ಒಂದು ಚಾರ್ಜಿಗೆ 220 ಫೋಟೊ ಅಂತ ಲೆಕ್ಕ, ಮೂರನೇದಕ್ಕೆ 320. ಬೆಳಗಿನವರೆಗೆ ಆಟ ನೋಡೋಳು ನೀನು, ಇನ್ನೊಂದು ಬ್ಯಾಟರಿ ಜೊತೇಲೇ ತಗೋ, ಅದರ ದುಡ್ಡು ನಾನು ಕಳಿಸ್ತೀನಿ. ಮತ್ತೆ ಜೋಗಕ್ಕೆ ಹೋದ್ರೆ ಮೂರು ಐದು ಎರಡ್ರಲ್ಲೂ ಒಳಗೇ ಎನ್‌ಡಿ ಫಿಲ್ಟರ್ ಇದೆ, ಆನ್ ಮಾಡಿದ್ರೆ ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ, ಶಟರ್ ನಿಧಾನ ಇಟ್ಟು ನೀರನ್ನ ರೇಷ್ಮೆ ಥರ ತೆಗೀಬಹುದು, ಕಲ್ಲಿನ ಮೇಲೆ ಎಲ್ಲಾದ್ರೂ ಊರಿಟ್ಟು ಹೊಡಿ, ಕೈ ಅಲ್ಲಾಡುತ್ತೆ.